ಊರಿನ ಸುದ್ದಿಗೆ ಚಂದಾ ಯಾರು ಕೊಡಬೇಕು?

ತಾಲ್ಲೂಕು ಕೇಂದ್ರದಲ್ಲಿ ನಾಲ್ಕು ಜನ ಪತ್ರಕರ್ತರು ಚಹಾ ಕುಡಿಯಲು ನಿಂತರೆ ಈಚೆಗೆ ಒಂದು ಮಾತು ಬಂದೇ ಬರುತ್ತದೆ. ದೊಡ್ಡ ಪತ್ರಿಕೆಗಳಲ್ಲಿ ಊರಿನ ಸುದ್ದಿಗೆ ಜಾಗ ಕಡಿಮೆಯಾಗಿದೆ, ಬಿಡಿ ಸುದ್ದಿಗಾರನಿಗೆ ಸಿಗುವ ಸಂಭಾವನೆ ಪೆಟ್ರೋಲಿಗೂ ಸಾಲದು. ನಮ್ಮದೇ ಒಂದು ನ್ಯೂಸ್‌ಲೆಟರ್ ಶುರು ಮಾಡಿದರೆ ಹೇಗೆ? ಕಚೇರಿ ಬೇಡ, ಮುದ್ರಣಾಲಯ ಬೇಡ, ಬಿಲ್ಲಿಗಾಗಿ ಏಜೆಂಟರ ಬೆನ್ನುಹತ್ತುವುದೂ ಬೇಡ. ವಾರಕ್ಕೆರಡು ಸಲ ಊರಿನ ಸುದ್ದಿ ಬರೆದು ಇಮೇಲ್‌ಗೋ ವಾಟ್ಸ್‌ಆ್ಯಪ್‌ಗೋ ಕಳಿಸಿದರಾಯಿತು. ಅಲ್ಲಿಂದ ಮಾತು ಎರಡು ಹೋಳಾಗುತ್ತದೆ. “ಓದುಗರಿಂದಲೇ ಚಂದಾ ತಗೋಬೇಕು ಮಾರಾಯ್ರೆ, ಇಲ್ಲಾಂದ್ರೆ ಸ್ವತಂತ್ರ ಅನ್ನೋ ಮಾತಿಗೆ ಅರ್ಥವೇ ಇಲ್ಲ” ಎಂದು ಒಬ್ಬರು. “ನಮ್ಮೂರಲ್ಲಿ ಸುದ್ದಿಗೆ ಯಾರು ದುಡ್ಡು ಕೊಡ್ತಾರೆ? ಎಲ್ಲರಿಗೂ ಪುಕ್ಕಟೆ ಕೊಡಿ, ಅಂಗಡಿಯವರ ಜಾಹೀರಾತು ಹಿಡೀರಿ” ಎಂದು ಇನ್ನೊಬ್ಬರು.

ಎರಡೂ ಮಾತಿನಲ್ಲಿ ಹುರುಳಿದೆ. ಎರಡೂ ಮಾತು ಅರ್ಧ ದಾರಿಗೆ ನಿಲ್ಲುತ್ತವೆ.

ಚಂದಾ ಪಕ್ಷದವರಿಗೆ ಮ್ಯಾಂಚೆಸ್ಟರ್ ಎಂದರೆ ಕಾಶಿ ಇದ್ದ ಹಾಗೆ. 2020ರ ಜೂನ್‌ನಲ್ಲಿ, ಕೋವಿಡ್ ನಿರ್ಬಂಧಗಳು ಇನ್ನೂ ಪೂರ್ತಿ ತೆರವಾಗದ ಹೊತ್ತಿನಲ್ಲಿ, ಜೋಶಿ ಹರ್ಮನ್ ಎಂಬ ಪತ್ರಕರ್ತ ಅಲ್ಲಿ ‘ದಿ ಮಿಲ್’ ಹೆಸರಿನ ನ್ಯೂಸ್‌ಲೆಟರ್ ಶುರು ಮಾಡಿದರು. ಹತ್ತಿ ಗಿರಣಿಗಳಿಂದ ಬೆಳೆದ ಊರಿಗೆ ಒಪ್ಪುವ ಹೆಸರು. ಬಳಸಿದ್ದು ಸಬ್‌ಸ್ಟ್ಯಾಕ್ ಎಂಬ ವೇದಿಕೆ. ಅದು ಬರೆಯುವವರಿಂದ ಮುಂಗಡ ಏನನ್ನೂ ಕೇಳುವುದಿಲ್ಲ, ಚಂದಾ ಬಂದಾಗ ಅದರಲ್ಲಿ ಶೇ 10 ಹಿಡಿದುಕೊಳ್ಳುತ್ತದೆ. ಊರಿನಲ್ಲಿ ಆಗಲೇ ಹಳೆಯ, ದೊಡ್ಡ ದಿನಪತ್ರಿಕೆಯೊಂದಿತ್ತು. ಅದರ ಜಾಲತಾಣ ದಿನಕ್ಕೆ ಹತ್ತಾರು ಚುಟುಕು ಸುದ್ದಿಗಳನ್ನು ಹಾಕಿ ಜಾಹೀರಾತಿನಿಂದ ಬದುಕುತ್ತಿತ್ತು. ಮಿಲ್ ಅದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ವಾರಕ್ಕೆ ಕೆಲವೇ ವರದಿ, ಆದರೆ ಉದ್ದದ ವರದಿ. ಕೆಲವು ಎಲ್ಲರಿಗೂ, ಉಳಿದವು ಚಂದಾದಾರರಿಗೆ ಮಾತ್ರ.

ಅದು ನಿಂತಿತು, ಬೆಳೆಯಿತು. ಶೆಫೀಲ್ಡ್‌ನಲ್ಲಿ ‘ದಿ ಟ್ರಿಬ್ಯೂನ್’, ಲಿವರ್‌ಪೂಲ್‌ನಲ್ಲಿ ‘ದಿ ಪೋಸ್ಟ್’, ಆಮೇಲೆ ಬರ್ಮಿಂಗ್‌ಹ್ಯಾಮ್, ಗ್ಲಾಸ್ಗೊ, ಲಂಡನ್ ಎಂದು ಒಂದೊಂದು ಊರಿಗೂ ಒಂದೊಂದು ಹೆಸರಿನ ಪತ್ರ ಬಂತು. 2023ರಲ್ಲಿ ಹೂಡಿಕೆದಾರರಿಂದ ಮೂರೂವರೆ ಲಕ್ಷ ಪೌಂಡ್ ಬಂತು. ಹಣ ಹಾಕಿದವರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಮಾಜಿ ಮುಖ್ಯಸ್ಥ ಮಾರ್ಕ್ ಥಾಂಪ್ಸನ್ ಒಬ್ಬರು.

ನನಗೆ ಈ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುವುದು 2024ರ ಒಂದು ವರದಿ. ಗ್ರೇಟರ್ ಮ್ಯಾಂಚೆಸ್ಟರ್ ಆಡಳಿತಕ್ಕೆ ರಾತ್ರಿ ವಹಿವಾಟಿನ ಸಲಹೆಗಾರರಾಗಿದ್ದ ಪ್ರಭಾವಿ ಉದ್ಯಮಿಯೊಬ್ಬರ ಕಂಪನಿ ಕೋವಿಡ್ ಕಾಲದಲ್ಲಿ ಕಲಾ ಮಂಡಳಿಯಿಂದ 4 ಲಕ್ಷ ಪೌಂಡ್‌ಗೂ ಹೆಚ್ಚು ಅನುದಾನ ಪಡೆದಿತ್ತು. ಆ ಅರ್ಜಿಯಲ್ಲಿ ಬರೆದದ್ದು ಸರಿಯಿಲ್ಲ ಎಂದು ಮಿಲ್ ವರದಿ ಮಾಡಿತು. ಮೊದಲು ಕೋರ್ಟಿಗೆ ಹೋಗುವ ಎಚ್ಚರಿಕೆ ಬಂತು. ಪತ್ರ ಹಿಂದೆ ಸರಿಯಲಿಲ್ಲ. ಕೊನೆಗೆ ಕಲಾ ಮಂಡಳಿಯೇ ಹಣ ವಾಪಸ್ ಕೇಳಿತು, 2025ರ ಜನವರಿಯಲ್ಲಿ ಆ ಸಲಹೆಗಾರರು ಹುದ್ದೆ ಬಿಟ್ಟರು. ಊರಿನ ಕ್ಲಬ್ಬು, ಹೋಟೆಲು, ಸಂಗೀತೋತ್ಸವಗಳ ಜಾಹೀರಾತನ್ನೇ ನೆಚ್ಚಿದ ಪತ್ರ ಆ ವಕೀಲರ ನೋಟಿಸ್ ಬಂದ ದಿನ ಎಷ್ಟು ಹೊತ್ತು ನಿಲ್ಲುತ್ತಿತ್ತು?

ಈಗ ಇನ್ನೊಂದು ಊರು. ಅಮೆರಿಕದ ಉತ್ತರ ಕೆರೊಲಿನಾದ ಷಾರ್ಲಟ್‌ನಲ್ಲಿ 2015ರಲ್ಲಿ ಟೆಡ್ ವಿಲಿಯಮ್ಸ್ ‘ಷಾರ್ಲಟ್ ಅಜೆಂಡಾ’ ಶುರು ಮಾಡಿದರು. ಬೆಳಗಾದರೆ ಇಮೇಲ್‌ಗೆ ಬರುವ ಊರಿನ ಸುದ್ದಿ, ಓದುಗರಿಗೆ ಪೂರ್ತಿ ಪುಕ್ಕಟೆ. ಖರ್ಚು ಹೊತ್ತವರು ಊರಿನ ಕಂಪನಿಗಳು. ಇದು ಸೋತ ಕಥೆಯಲ್ಲ, ಗೆದ್ದ ಕಥೆ. ಹೊಸದಾಗಿ ಊರಿಗೆ ಬಂದ ಯುವಕರು ಇದನ್ನು ಓದಿ ಊರನ್ನು ಪರಿಚಯ ಮಾಡಿಕೊಂಡರು. ಯಾರಿಗೂ ಗೋಡೆ ಕಟ್ಟಲಿಲ್ಲ. 2020ರ ಡಿಸೆಂಬರ್‌ನಲ್ಲಿ ಆ್ಯಕ್ಸಿಯೋಸ್ ಸಂಸ್ಥೆ ಇದನ್ನು ಕೊಂಡು, ಇದೇ ಮಾದರಿಯ ಪತ್ರಗಳನ್ನು ಊರೂರಿಗೆ ಹಬ್ಬಿಸಿತು. 2022ರಲ್ಲಿ ಆ್ಯಕ್ಸಿಯೋಸ್ ಅನ್ನೇ ಕಾಕ್ಸ್ ಎಂಟರ್‌ಪ್ರೈಸಸ್ 52.5 ಕೋಟಿ ಡಾಲರ್‌ಗೆ ಕೊಂಡಿತು. ಎರಡು ವರ್ಷದೊಳಗೆ ಒಂದು ಊರಿನ ಸುದ್ದಿಪತ್ರದ ಯಜಮಾನಿಕೆ ಎರಡು ಸಲ ಕೈ ಬದಲಾಯಿತು, ಓದುಗರನ್ನು ಯಾರೂ ಕೇಳಬೇಕಾಗಲಿಲ್ಲ. ದುಡ್ಡು ಕೊಡದವನಿಗೆ ಕೇಳುವ ಹಕ್ಕೂ ಇಲ್ಲ ಎನ್ನಬಹುದು. ಆದರೆ ಚಂದಾ ಕೊಡುವ ಮ್ಯಾಂಚೆಸ್ಟರ್ ಓದುಗರನ್ನೂ ಹೂಡಿಕೆದಾರರು ಬರುವಾಗ ಅನುಮತಿ ಕೇಳಬೇಕೆಂಬ ಕಟ್ಟಳೆಯೇನೂ ಇಲ್ಲವಲ್ಲ.

ಕನ್ನಡದಲ್ಲಿ ಈ ವಾದ ಹೊಸದಲ್ಲ. ಚಂದಾ ಪಕ್ಷದವರು 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯ ಹೆಸರು ಹೇಳುತ್ತಾರೆ. ಜಾಹೀರಾತೇ ಇಲ್ಲದೆ, ಓದುಗರ ದುಡ್ಡಿನಿಂದ ನಡೆದ ವಾರಪತ್ರಿಕೆ. ಮುಖ್ಯಮಂತ್ರಿಗಳಿಗೂ ಅದರ ಭಯವಿತ್ತು. ಆದರೆ ಅಲ್ಲಿ ಒಂದು ವ್ಯತ್ಯಾಸ ಮರೆತುಹೋಗುತ್ತದೆ. ಲಂಕೇಶ್ ಪತ್ರಿಕೆ ಬಹುಮಟ್ಟಿಗೆ ಬಿಡಿ ಪ್ರತಿಯಾಗಿ, ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು. ಓದುಗ ಪ್ರತಿ ವಾರ ಮುಖಪುಟ ನೋಡಿ ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದ. ವರ್ಷದ ಚಂದಾ ಕೊಟ್ಟ ಓದುಗ ಹಾಗಲ್ಲ, ಅವನು ಒಂದು ಸಲ ನಂಬಿ ಸುಮ್ಮನಾಗುತ್ತಾನೆ. ಬಿಡಿ ಮಾರಾಟ ಸಂಪಾದಕನನ್ನು ಪ್ರತಿ ವಾರ ಚುರುಕಾಗಿಡುತ್ತದೆ, ಪ್ರತಿ ವಾರ ಒಂದು ಬೇಟೆಯನ್ನೂ ಬೇಡುತ್ತದೆ. ಅದೇ ಅಚ್ಚಿನಲ್ಲಿ ಆಮೇಲೆ ಬಂದ ಕೆಲವು ಟ್ಯಾಬ್ಲಾಯ್ಡ್‌ಗಳು ಏನಾದವು ಎಂಬುದು ಜಿಲ್ಲೆಗಳ ಅಧಿಕಾರಿಗಳಿಗೂ ಗುತ್ತಿಗೆದಾರರಿಗೂ ಚೆನ್ನಾಗಿ ಗೊತ್ತು. ಬರೆಯುವುದಕ್ಕಿಂತ ಬರೆಯದೇ ಇರುವುದಕ್ಕೆ ಹೆಚ್ಚು ದುಡ್ಡು ಹುಟ್ಟುತ್ತಿತ್ತು. ಜಾಹೀರಾತು ಇಲ್ಲದ ಮಾತ್ರಕ್ಕೆ ಕೈ ಶುದ್ಧವಾಗಿರುತ್ತದೆ ಎಂಬ ಖಾತ್ರಿಯಿಲ್ಲ.

ಇನ್ನೊಂದು ಕಡೆ ಮೈಸೂರಿನ ‘ಆಂದೋಲನ’, ದಾವಣಗೆರೆಯ ‘ಜನತಾವಾಣಿ’, ಕಾರವಾರದ ‘ಕರಾವಳಿ ಮುಂಜಾವು’, ತಾಲ್ಲೂಕಿಗೊಂದರಂತೆ ಸುಳ್ಯ, ಪುತ್ತೂರು, ಬೆಳ್ತಂಗಡಿಗಳಿಂದ ಬರುವ ‘ಸುದ್ದಿ ಬಿಡುಗಡೆ’ ಇವೆ. ಊರಿನ ಪತ್ರಿಕೆಯನ್ನು ಜನ ಮನೆಯ ಪತ್ರಿಕೆಯಾಗಿ ಒಪ್ಪುತ್ತಾರೆ ಎಂಬುದಕ್ಕೆ ಇವೇ ಸಾಕ್ಷಿ. ಊರಿನ ಪತ್ರಿಕೆ ಎಂದರೆ ಜಾಹೀರಾತು ಬೇಕೇ ಬೇಕು: ಶ್ರದ್ಧಾಂಜಲಿ, ಹುಟ್ಟುಹಬ್ಬದ ಶುಭಾಶಯ, ಬ್ರಹ್ಮಕಲಶೋತ್ಸವ, ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಶಾಲೆಗಳ ಸಾಲು ಫೋಟೊ, ರಾಜ್ಯೋತ್ಸವ ಮತ್ತು ದೀಪಾವಳಿ ವಿಶೇಷಾಂಕ. ಇವನ್ನೆಲ್ಲ ಜಾಹೀರಾತು ಎಂದು ಮೂಗು ಮುರಿಯುವ ಬೆಂಗಳೂರಿನ ಗೆಳೆಯರಿಗೆ ನಾನು ಹೇಳುವುದಿಷ್ಟೆ: ಊರಿನ ಓದುಗ ಮೊದಲು ಓದುವುದೇ ಶ್ರದ್ಧಾಂಜಲಿ. ಅದು ಅವನಿಗೆ ಸುದ್ದಿ.

ಇನ್ನು ಲೆಕ್ಕಕ್ಕೆ ಬರೋಣ. 60 ಸಾವಿರ ಜನಸಂಖ್ಯೆಯ ಒಂದು ಊರು ಎಂದಿಟ್ಟುಕೊಳ್ಳಿ. ಚಂದಾ ತಿಂಗಳಿಗೆ 50, ವರ್ಷಕ್ಕೆ 600 ರೂಪಾಯಿ. 700 ಜನ ಸೇರಿದರೆ ವರ್ಷಕ್ಕೆ 4 ಲಕ್ಷ 20 ಸಾವಿರ, ತಿಂಗಳಿಗೆ 35 ಸಾವಿರ. ಪೇಮೆಂಟ್ ಗೇಟ್‌ವೇ ಕಮಿಷನ್, ಪೆಟ್ರೋಲು, ಫೋನು, ಜಾಲತಾಣದ ಬಾಡಿಗೆ, ಆಡಿಟರ್ ಫೀ ಎಲ್ಲ ಕಳೆದರೆ ಒಬ್ಬ ಮನುಷ್ಯ ಸಂಸಾರ ತೂಗಿಸಬಹುದು, ಎರಡನೆಯವನನ್ನು ಇಟ್ಟುಕೊಳ್ಳಲಾಗದು. ಆ 700 ಎಂದರೆ ಸುಮಾರು ಇಪ್ಪತ್ತು ಮನೆಗೆ ಒಂದು ಮನೆ. ಹೇಳುವಾಗ ಕಡಿಮೆ ಅನಿಸುತ್ತದೆ, ಮನೆ ಬಾಗಿಲು ತಟ್ಟಿದವನಿಗೆ ಗೊತ್ತು ಕಷ್ಟ. ಜಾಹೀರಾತಿನ ದಾರಿಯಲ್ಲಿ ತಿಂಗಳಿಗೆ 2 ಸಾವಿರ ಕೊಡುವ ಇಪ್ಪತ್ತು ಅಂಗಡಿ ಸಿಕ್ಕರೆ 40 ಸಾವಿರ. ಇಪ್ಪತ್ತು ಜನರನ್ನು ಒಪ್ಪಿಸುವುದು ಏಳುನೂರು ಜನರನ್ನು ಒಪ್ಪಿಸುವುದಕ್ಕಿಂತ ಸುಲಭ ಎಂಬುದರಲ್ಲಿ ಸಂಶಯವಿಲ್ಲ. ಕಷ್ಟ ಬರುವುದು ಆಮೇಲೆ.

ಅದು ಹೇಗೆ ಬರುತ್ತದೆ ಎಂಬುದಕ್ಕೆ ಪುರಸಭೆ ಮಳಿಗೆಗಳನ್ನೇ ತೆಗೆದುಕೊಳ್ಳಿ. ಬಸ್ ನಿಲ್ದಾಣದ ಎದುರೋ ಸಂತೆ ಮೈದಾನದ ಅಂಚಿಗೋ ಪುರಸಭೆ ಕಟ್ಟಿಸಿದ ಮಳಿಗೆಗಳ ಸಾಲು ಅನೇಕ ಊರುಗಳಲ್ಲಿದೆ. ಬಾಡಿಗೆ ಯಾವ ಕಾಲದಲ್ಲೋ ಗೊತ್ತುಮಾಡಿದ್ದು. ಕರಾರಿನ ಅವಧಿ ಮುಗಿದಿರುತ್ತದೆ, ಮರುಹರಾಜು ಆಗಿರುವುದಿಲ್ಲ. ಕೆಲವು ಕಡೆ ಕರಾರು ಒಬ್ಬರ ಹೆಸರಲ್ಲಿ, ವ್ಯಾಪಾರ ಇನ್ನೊಬ್ಬರದು, ನಡುವೆ ಒಳಬಾಡಿಗೆ. ಸಾಮಾನ್ಯ ಸಭೆಯ ಅಜೆಂಡಾದಲ್ಲಿ ‘ಮಳಿಗೆಗಳ ಹರಾಜು ಕುರಿತು’ ಎಂದು ಬರುತ್ತದೆ, ನಡಾವಳಿಯಲ್ಲಿ ‘ಮುಂದಿನ ಸಭೆಗೆ ಮುಂದೂಡಲಾಯಿತು’ ಎಂದು ಹೋಗುತ್ತದೆ. ಇದನ್ನು ಬರೆಯಬೇಕೆಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. 30 ದಿನ ಕಾಯಬೇಕು. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ದಾಖಲೆ ತಂದ ಮೇಲೆ ಮಳಿಗೆ ಸಂಖ್ಯೆ, ಕರಾರಿನ ದಿನಾಂಕ, ಬಾಡಿಗೆ, ಬಾಕಿ ಎಂದು ಕಾಲಂ ಹಾಕಿಕೊಂಡು ಕೂರಬೇಕು. ಆಮೇಲೆ ಒಂದೊಂದು ಅಂಗಡಿಗೂ ಹೋಗಿ “ಇದಕ್ಕೆ ನೀವೇನು ಹೇಳ್ತೀರಿ ಅಣ್ಣ?” ಎಂದು ಕೇಳಬೇಕು. ಮುಖ್ಯಾಧಿಕಾರಿಯನ್ನು ಕೇಳಬೇಕು, ಅಧ್ಯಕ್ಷರನ್ನು ಕೇಳಬೇಕು. ಒಂದು ವರದಿಗೆ ಎರಡು ತಿಂಗಳು.

ಆ ಮಳಿಗೆಗಳಲ್ಲಿ ಇರುವವರು ಯಾರು? ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಬೇಕರಿ, ಮೆಡಿಕಲ್. ದೀಪಾವಳಿ ವಿಶೇಷಾಂಕಕ್ಕೆ ಅರ್ಧ ಪುಟ ಕೊಡುವವರೂ ಅವರೇ. ಜಾಹೀರಾತಿನ ಮೇಲೆ ನಿಂತ ಪತ್ರಕ್ಕೆ ಈ ವರದಿ ಬರೆಯಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬರೆಯುವವನೇ ಅರ್ಜಿ ಹಾಕುವುದಿಲ್ಲ, ಅಷ್ಟೆ.

ಹಾಗೆಂದು ಚಂದಾ ನಂಬಿದವನು ಇಲ್ಲಿ ಸಲೀಸಾಗಿ ಗೆದ್ದ ಎಂದೂ ಅಲ್ಲ. ಊರಿನಲ್ಲಿ ಸುದ್ದಿಗೆ ವರ್ಷಕ್ಕೆ 600 ರೂಪಾಯಿ ತೆಗೆದಿಡಬಲ್ಲವರು ಯಾರು ನೋಡಿ: ವರ್ತಕರು, ಡಾಕ್ಟರು, ವಕೀಲರು, ಮೇಷ್ಟ್ರುಗಳು, ಅಡಿಕೆಯೋ ಕಾಫಿಯೋ ಇರುವ ಬೆಳೆಗಾರರು. ವರದಿ ಬಂದ ಮರುದಿನ ವರ್ತಕರ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಹೋದರೆ ಅರವತ್ತು ಜನ ಒಟ್ಟಿಗೆ ಚಂದಾ ನಿಲ್ಲಿಸಬಹುದು. ಜಾತಿ, ಪಕ್ಷ, ದೇವಸ್ಥಾನದ ಆಡಳಿತ ಮಂಡಳಿಯ ಸುದ್ದಿಯಾದರೆ ಇನ್ನೂ ಬೇಗ. ಓದುಗನೂ ಒಬ್ಬ ಯಜಮಾನನೇ, ಅವನಿಗೂ ಸಿಟ್ಟು ಬರುತ್ತದೆ. ಆದರೂ ಲೆಕ್ಕ ಒಂದು ಬದಿಗೆ ವಾಲುತ್ತದೆ. ಏಳುನೂರರಲ್ಲಿ ಅರವತ್ತು ಹೋದರೆ ಆ ತಿಂಗಳು ಕಷ್ಟ. ಇಪ್ಪತ್ತರಲ್ಲಿ ಎಂಟು ಹೋದರೆ ಬಾಗಿಲು ಹಾಕಬೇಕು.

ದುಡ್ಡು ಕೊಡಲು ಮನಸ್ಸಿರುವವರಿಂದ ಅದನ್ನು ಪಡೆಯುವುದೂ ಒಂದು ಕೆಲಸ. ಮ್ಯಾಂಚೆಸ್ಟರ್‌ನಲ್ಲಿ ಓದುಗ ಒಂದು ಸಲ ಕಾರ್ಡ್ ನಂಬರ್ ಕೊಟ್ಟರೆ ತಿಂಗಳು ತಿಂಗಳೂ ಹಣ ತಾನಾಗಿ ಬರುತ್ತದೆ. ಸಬ್‌ಸ್ಟ್ಯಾಕ್ ಹಣ ಪಡೆಯುವುದು ಸ್ಟ್ರೈಪ್ ಎಂಬ ಪಾವತಿ ಕಂಪನಿಯ ಮೂಲಕ, ಸ್ಟ್ರೈಪ್ 2024ರಿಂದ ಭಾರತದಲ್ಲಿ ಆಹ್ವಾನವಿದ್ದವರಿಗೆ ಮಾತ್ರ ಹೊಸ ಖಾತೆ ಎಂದಿತು. ಹಾಗಾಗಿ ನಮ್ಮ ಊರಿನ ಸಂಪಾದಕನಿಗೆ ಆ ಸಿದ್ಧ ದಾರಿ ಸುಲಭಕ್ಕೆ ಸಿಗುವುದಿಲ್ಲ. ಯುಪಿಐನಲ್ಲಿ 2020ರಿಂದ ಆಟೊಪೇ ಸೌಲಭ್ಯವಿದೆ, ತಿಂಗಳಿಗೆ 50 ರೂಪಾಯಿಗೆ ಅದು ಧಾರಾಳವಾಗಿ ಸಾಕು. ಆದರೆ ‘ಪ್ರತಿ ತಿಂಗಳು ತಾನೇ ಕಟ್ ಆಗುತ್ತೆ’ ಎಂದರೆ ಊರಿನ ಜನ ಬೆಚ್ಚುತ್ತಾರೆ, ಸೈಬರ್ ವಂಚನೆಯ ಕಥೆ ಕೇಳಿ ಕೇಳಿ. ಕೊನೆಗೆ ನಡೆಯುವುದು ಕ್ಯುಆರ್ ಕೋಡ್ ಮತ್ತು ಒಂದು ನೋಟ್ ಪುಸ್ತಕ. “ಸಾರ್, ದುಡ್ಡು ಹಾಕಿದೀನಿ, ಸ್ಕ್ರೀನ್‌ಶಾಟ್ ನೋಡಿ” ಎಂದು ಸಂದೇಶ ಬರುತ್ತದೆ. ಹಣ ಬಂದದ್ದು ಮಗನ ಖಾತೆಯಿಂದ, ಸುದ್ದಿ ಬೇಕಾದದ್ದು ಅಪ್ಪನ ನಂಬರಿಗೆ, ನೆನಪಿಡಬೇಕಾದದ್ದು ಸಂಪಾದಕ. ಮುಂದಿನ ವರ್ಷ ನವೀಕರಣದ ಹೊತ್ತಿಗೆ ಮತ್ತೆ ಏಳುನೂರು ಜನರಿಗೆ ಜ್ಞಾಪನೆ. ವರದಿಗೆ ಇಡಬೇಕಾದ ಹೊತ್ತಿನಲ್ಲಿ ಒಳ್ಳೇ ಪಾಲು ಇದಕ್ಕೇ ಹೋಗುತ್ತದೆ. ಚಂದಾವನ್ನು ಹೊಗಳುವವರು ಇದನ್ನು ಹೇಳುವುದೇ ಇಲ್ಲ.

ಇಮೇಲೋ ವಾಟ್ಸ್‌ಆ್ಯಪೋ ಎಂಬ ಚರ್ಚೆ ನಮ್ಮಲ್ಲಿ ಬೇಗ ಮುಗಿಯುತ್ತದೆ. ಊರುಗಳಲ್ಲಿ ಇಮೇಲ್ ಇರುವುದು ಉದ್ಯೋಗದ ಅರ್ಜಿಗೆ, ಬ್ಯಾಂಕಿನ ಪತ್ರಕ್ಕೆ. ಓದುವುದೆಲ್ಲ ವಾಟ್ಸ್‌ಆ್ಯಪ್‌ನಲ್ಲಿ. ಆದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ 1,024 ಜನರಿಗಿಂತ ಹೆಚ್ಚು ಹಿಡಿಸುವುದಿಲ್ಲ. 2023ರಲ್ಲಿ ಬಂದ ಚಾನೆಲ್‌ನಲ್ಲಿ ಎಷ್ಟು ಜನ ಬೇಕಾದರೂ ಸೇರಬಹುದು, ಅವರ ಫೋನ್ ನಂಬರ್ ಮಾತ್ರ ನಿಮಗೆ ಸಿಗುವುದಿಲ್ಲ. ಮೆಟಾ ಕಂಪನಿ 2023ರ ಆಗಸ್ಟ್‌ನಲ್ಲಿ ಕೆನಡಾ ಸರ್ಕಾರದ ಕಾಯ್ದೆಯೊಂದಕ್ಕೆ ಸೆಡ್ಡು ಹೊಡೆದು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಂದ ಸುದ್ದಿಯನ್ನೇ ತೆಗೆದುಹಾಕಿತು. ಅವನ್ನೇ ನೆಚ್ಚಿದ್ದ ಸಣ್ಣ ಊರಿನ ಪತ್ರಗಳಿಗೆ ಓದುಗರ ದಾರಿಯೇ ಮುಚ್ಚಿತು. ವಾಟ್ಸ್‌ಆ್ಯಪ್ ಕೂಡ ಅದೇ ಕಂಪನಿಯದು. ಆದ್ದರಿಂದ ಸುದ್ದಿ ಹೇಗಾದರೂ ಕಳಿಸಿ, ಹೆಸರು, ನಂಬರ್, ಬಡಾವಣೆ ಬರೆದ ಪಟ್ಟಿ ಮಾತ್ರ ನಿಮ್ಮ ಕೈಯಲ್ಲಿರಲಿ.

ಈಗ ಪುಕ್ಕಟೆ ಪಕ್ಷದ ಬಲವಾದ ವಾದ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮನೆಗಳಲ್ಲಿ ರಾತ್ರಿ ಎಂಟರ ಮೇಲೆ ಕಾಯುವ ಸುದ್ದಿ ಒಂದೇ: ನಾಳೆ ಶಾಲೆಗೆ ರಜೆ ಉಂಟೋ ಇಲ್ಲವೋ. ಜಿಲ್ಲಾಧಿಕಾರಿ ಹೆಸರಿನ ನಕಲಿ ಆದೇಶಗಳೂ, ಹಳೆಯ ವರ್ಷದ ಆದೇಶದ ಫೋಟೊಗಳೂ ಅದೇ ಹೊತ್ತಿಗೆ ಓಡಾಡುತ್ತವೆ. ಆಗ “ಇದು ನಿಜ, ಇದು ಸುಳ್ಳು” ಎಂದು ಹತ್ತು ನಿಮಿಷದಲ್ಲಿ ಹೇಳುವ ನ್ಯೂಸ್‌ಲೆಟರ್ ಊರಿಗೆ ಮಾಡುವ ಉಪಕಾರ ಸಣ್ಣದಲ್ಲ. ಅದನ್ನು ಚಂದಾದಾರರಿಗೆ ಮಾತ್ರ ಕೊಡುತ್ತೇನೆ ಎನ್ನುವುದಕ್ಕೆ ಬಾಯಿ ಬರುತ್ತದೆಯೇ? ಯಾವ ಬಡಾವಣೆಗೆ ನೀರು ಬರುವುದಿಲ್ಲ, ಯಾವ ಸೇತುವೆಯ ಮೇಲೆ ಹೊಳೆ ಹರಿಯುತ್ತಿದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಯಾವ ದಿನ ಇರುತ್ತಾರೆ, ಇವೆಲ್ಲ ಹೆಚ್ಚು ಬೇಕಾಗಿರುವುದು 600 ರೂಪಾಯಿ ಕೊಡಲಾಗದವರಿಗೆ. ಚಂದಾ ಗೋಡೆಯ ಒಳಗೆ ಡಾಕ್ಟರು ವಕೀಲರು ಕೂತು ಊರಿನ ಬಗ್ಗೆ ಚೆನ್ನಾಗಿ ತಿಳಿದುಕೊಳ್ಳುತ್ತಾರೆ, ಗೋಡೆಯ ಹೊರಗೆ ಪೌರಕಾರ್ಮಿಕರ ಕೇರಿ ಎಂದಿನಂತೆ ಗಾಳಿಸುದ್ದಿ ನಂಬುತ್ತದೆ. ಇದು ಪತ್ರಿಕೋದ್ಯಮಕ್ಕೆ ಮರ್ಯಾದೆ ತರುವ ಸಂಗತಿಯಲ್ಲ.

ಬೆಂಗಳೂರಿನ ‘ಸಿಟಿಜನ್ ಮ್ಯಾಟರ್ಸ್’ ಈ ದಾರಿಯಲ್ಲಿ ನಡೆದು ತೋರಿಸಿದೆ. 2008ರಲ್ಲಿ ಮೀರಾ ಕೆ. ಮತ್ತು ಸುಬ್ರಮಣಿಯಂ ವಿನ್ಸೆಂಟ್ ಶುರು ಮಾಡಿದ ಇದು ಕೆರೆ, ಕಸ, ವಾರ್ಡ್ ಸಮಿತಿಗಳ ಬಗ್ಗೆ ದೊಡ್ಡ ಪತ್ರಿಕೆಗಳಿಗಿಂತ ಆಳವಾಗಿ ಬರೆಯುತ್ತಾ ಬಂದಿದೆ, ಇಂಗ್ಲಿಷಿನಲ್ಲಿ. ಈಗ ಅದನ್ನು ಊರ್ವಾಣಿ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆ ನಡೆಸುತ್ತದೆ, ದೇಣಿಗೆಯಿಂದ. ಓದಲು ಗೋಡೆಯಿಲ್ಲ. ಬೆಂಗಳೂರಿನಲ್ಲಿ ದೇಣಿಗೆ ಕೊಡುವ ಉದ್ಯಮಿಗಳಿದ್ದಾರೆ, ಪ್ರತಿಷ್ಠಾನಗಳಿವೆ. ಶಿರಾದಲ್ಲೋ ಸಿಂಧನೂರಿನಲ್ಲೋ ದೇಣಿಗೆ ಕೊಡುವಷ್ಟು ಶಕ್ತಿ ಇರುವವರು ಹೆಚ್ಚಾಗಿ ಮುಂದಿನ ಚುನಾವಣೆಗೆ ಟಿಕೆಟ್ ಕೇಳುವವರೂ ಆಗಿರುತ್ತಾರೆ. ಅಲ್ಲಿ ದೇಣಿಗೆಗಿಂತ ಜಾಹೀರಾತೇ ವಾಸಿ. ಜಾಹೀರಾತು ಕಣ್ಣಿಗಾದರೂ ಕಾಣುತ್ತದೆ.

ಇಷ್ಟು ಹೊತ್ತು ಓದುಗ ಎಂದರೆ ಒಬ್ಬನೇ ಎಂಬಂತೆ ಮಾತಾಡಿದೆವು. ನಮ್ಮ ಊರುಗಳ ನಿಜವಾದ ತೊಡಕು ಇಲ್ಲಿದೆ. ಕನ್ನಡದ ಸಣ್ಣ ಊರಿನ ನ್ಯೂಸ್‌ಲೆಟರಿಗೆ ಅತಿ ಸುಲಭವಾಗಿ ಚಂದಾ ಕೊಡುವವನು ಊರಿನಲ್ಲಿ ಇಲ್ಲ. ಅವನು ಬೆಂಗಳೂರಿನ ಕಂಪನಿಯಲ್ಲಿದ್ದಾನೆ, ಮುಂಬೈಯ ಹೋಟೆಲಿನಲ್ಲಿದ್ದಾನೆ, ದುಬೈಯಲ್ಲಿದ್ದಾನೆ. ಊರಿನ ಹೆಸರು ಕಂಡರೆ ಅವನ ಮನಸ್ಸು ಕರಗುತ್ತದೆ, 600 ಕೇಳಿದರೆ ಸಾವಿರ ಕೊಡುತ್ತಾನೆ. ಅವನಿಗೆ ಬೇಕಾದದ್ದು ಜಾತ್ರೆಯ ತೇರು, ಹಳೆಯ ಮೇಷ್ಟ್ರ ಸಂದರ್ಶನ, ಕಂಬಳದ ಫಲಿತಾಂಶ, ಮುಚ್ಚಿಹೋದ ಟಾಕೀಸಿನ ನೆನಪು, ಬೈಪಾಸ್ ಪಕ್ಕ ಸೈಟಿನ ರೇಟು. ಊರಿನಲ್ಲಿರುವವನಿಗೆ ಬೇಕಾದದ್ದು ಯುಜಿಡಿ ಕಾಮಗಾರಿಗೆ ಅಗೆದ ರಸ್ತೆ ಮುಚ್ಚುವುದು ಯಾವಾಗ, ಪಡಿತರ ಅಂಗಡಿಯ ಸರ್ವರ್ ಯಾವಾಗ ಸರಿಹೋಗುತ್ತದೆ, ಮಳಿಗೆ ಹರಾಜು ಯಾಕೆ ನಿಂತಿದೆ. ಕೊಡುವವನು ಒಬ್ಬ, ಬೇಕಾದವನು ಇನ್ನೊಬ್ಬ.

ಚಂದಾದಾರರ ಸಂಖ್ಯೆಯನ್ನೇ ಹಿಂಬಾಲಿಸಿದ ಪತ್ರ ಮೆಲ್ಲಗೆ ಪರವೂರಿನವನ ಕಡೆ ತಿರುಗುತ್ತದೆ. ತೇರಿನ ವಿಡಿಯೊಗೆ ನೂರು ಹೊಸ ಚಂದಾ, ಹರಾಜಿನ ವರದಿಗೆ ನಾಲ್ಕು. ಸಂಪಾದಕನೂ ಮನುಷ್ಯನೇ. ಒಂದು ವರ್ಷದಲ್ಲಿ ಊರಿನ ಸುದ್ದಿಪತ್ರ ಊರಿನ ನೆನಪಿನ ಪತ್ರವಾಗಿರುತ್ತದೆ. ನೆನಪಿನ ಪತ್ರ ಬೇಡವೆಂದಲ್ಲ, ನನಗೂ ಹಳೆಯ ಟಾಕೀಸುಗಳ ಕಥೆ ಇಷ್ಟವೇ. ಆದರೆ ಅದಕ್ಕೆ ಪುರಸಭೆ ಭಯಪಡುವುದಿಲ್ಲ. ಹಾಗೆಂದು ಪರವೂರಿನವನನ್ನು ದೂರ ಇಡುವುದೂ ಮೂರ್ಖತನ. ಅವನ ದುಡ್ಡು ಊರಿನ ವರ್ತಕರ ಸಂಘದ ಮುಲಾಜಿಗೆ ಸಿಗದ ದುಡ್ಡು. ಮಳಿಗೆಯ ವರದಿ ಬಂದರೆ ದುಬೈಯಲ್ಲಿರುವವನು ಸಿಟ್ಟಾಗುವುದಿಲ್ಲ.

ಹೀಗೆ ನಿಂತ ಪತ್ರ ಬೇರೆ ಊರುಗಳಿಗೂ ಬೆಳೆಯಬೇಕೇ, ಸಣ್ಣದಾಗಿಯೇ ಇರಬೇಕೇ ಎಂಬ ಮಾತಿಗೆ ಬಂದರೆ, ಕನ್ನಡದ ಮೊಟ್ಟಮೊದಲ ಪತ್ರಿಕೆಯ ಕಥೆಯೇ ನೆನಪಾಗುತ್ತದೆ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಹೆಸರಿನಲ್ಲೇ ಊರನ್ನು ಹೊತ್ತಿತ್ತು. ವರ್ಷ ತುಂಬುವ ಮೊದಲೇ, 1844ರಲ್ಲಿ, ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಹೆಚ್ಚು ಜನರಿಗೆ ಮುಟ್ಟಬೇಕೆಂಬ ಆಸೆ ತಪ್ಪಲ್ಲ. ಆದರೆ ಮಂಗಳೂರಿಗೆ ಮಂಗಳೂರಿನ ಸಮಾಚಾರ ತಪ್ಪಿತು. ಮಿಲ್‌ನವರು ಈ ವಿಷಯದಲ್ಲಿ ಜಾಣತನ ತೋರಿಸಿದ್ದಾರೆ. ಒಂದು ಪತ್ರವನ್ನು ಆರು ಊರಿಗೆ ಹಿಗ್ಗಿಸಲಿಲ್ಲ, ಆರು ಊರಿಗೆ ಆರು ಪತ್ರ ಮಾಡಿ, ಲೆಕ್ಕಪತ್ರ, ತಂತ್ರಜ್ಞಾನ, ವಕೀಲರನ್ನು ಮಾತ್ರ ಒಟ್ಟಿಗೆ ಇಟ್ಟುಕೊಂಡರು.

ಆ ಕೊನೆಯದು, ವಕೀಲರು, ಸಣ್ಣದಾಗಿಯೇ ಇರುತ್ತೇವೆ ಎನ್ನುವವರು ಯೋಚಿಸಬೇಕಾದ ವಿಷಯ. ನಮ್ಮಲ್ಲಿ ಮಾನನಷ್ಟ ಇಂದಿಗೂ ಕ್ರಿಮಿನಲ್ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಸಜೆಗೆ ಅವಕಾಶವಿದೆ. ಶಿಕ್ಷೆಯಾಗುವುದು ಅಪರೂಪ ಇರಬಹುದು, ಆದರೆ ತಿಂಗಳಿಗೊಂದು ತಾರೀಖಿನಂತೆ ಕೋರ್ಟಿಗೆ ಅಲೆಯುವುದೇ ಒಂಟಿ ಸಂಪಾದಕನಿಗೆ ಶಿಕ್ಷೆ. ಅವನಿಗೆ ಜ್ವರ ಬಂದರೆ ಆ ವಾರ ಊರಿಗೆ ಸುದ್ದಿಯಿಲ್ಲ. ಅವನ ಮಗಳ ಮದುವೆಯಾದರೆ ಎರಡು ವಾರ ಇಲ್ಲ. ಅವನ ಸ್ಕೂಟರ್ ಹೋಗುವ ಹಾದಿಯಲ್ಲೇ ಗುತ್ತಿಗೆದಾರನ ಮನೆ. ಒಬ್ಬನೇ ನಡೆಸುವ ಪತ್ರ ನೋಡಲು ಚಂದ, ಬೆದರಿಸಲೂ ಸುಲಭ. ಆದ್ದರಿಂದ ಬೆಳೆಯುವುದು ಬರೀ ದುರಾಸೆಯಲ್ಲ, ಕೆಲವೊಮ್ಮೆ ಅದೇ ರಕ್ಷಣೆ. ಜಿಲ್ಲೆಯ ನಾಲ್ಕೈದು ತಾಲ್ಲೂಕು ಪತ್ರಗಳು ತಮ್ಮ ತಮ್ಮ ಹೆಸರಿನಲ್ಲೇ ಇದ್ದು, ಒಬ್ಬ ವಕೀಲರನ್ನೂ ಒಬ್ಬ ಲೆಕ್ಕದವರನ್ನೂ ಹಂಚಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ಸಹಕಾರ ಸಂಘ ಕಟ್ಟುವುದನ್ನು ನಮ್ಮ ಜಿಲ್ಲೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಯಾರ ಪಕ್ಷ ಸರಿ? ಒಂದನ್ನೇ ಆರಿಸಿ ಎಂದರೆ ನಾನು ಚಂದಾ ಪಕ್ಷದ ಕಡೆ ನಿಲ್ಲುತ್ತೇನೆ. ಆದರೆ ಅವರು ಕಟ್ಟುವ ಗೋಡೆಯನ್ನು ಒಪ್ಪುವುದಿಲ್ಲ. ರಜೆ, ನೀರು, ಆಸ್ಪತ್ರೆ, ಸಭೆಯ ತೀರ್ಮಾನ ಎಲ್ಲರಿಗೂ ಸಿಗಲಿ. ಮಳಿಗೆ ಹರಾಜಿನಂಥ ವರದಿಯೂ ಎಲ್ಲರಿಗೂ ಸಿಗಲಿ. ಅದನ್ನು ಏಳುನೂರು ಜನ ಮಾತ್ರ ಓದಿದರೆ ಪುರಸಭೆ ಅಲುಗುವುದಿಲ್ಲ. ಚಂದಾ ಎಂದರೆ ಓದುವ ಹಕ್ಕಿನ ಬೆಲೆಯಲ್ಲ, ಆ ಕೆಲಸ ಊರಿನಲ್ಲಿ ನಡೆಯಬೇಕೆಂದು ಕೊಡುವ ದುಡ್ಡು ಎಂದು ನೇರವಾಗಿ ಕೇಳಬೇಕು. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಶತಮಾನೋತ್ಸವಕ್ಕೆ ಹಾಗೆ ಕೇಳಿದರೆ ಕೊಡುವ ಊರುಗಳೇ ನಮ್ಮವು. ಶ್ರದ್ಧಾಂಜಲಿ, ಶುಭಾಶಯ, ಅಂಗಡಿಯ ಸಣ್ಣ ಜಾಹೀರಾತು ಧಾರಾಳವಾಗಿ ಬರಲಿ, ಆದರೆ ಯಾವ ಒಬ್ಬ ಜಾಹೀರಾತುದಾರನ ದುಡ್ಡೂ ಒಟ್ಟು ಆದಾಯದ ಇಪ್ಪತ್ತರಲ್ಲಿ ಒಂದು ಪಾಲು ಮೀರದಿರಲಿ. ಪುರಸಭೆಯದ್ದು, ಶಾಸಕರದ್ದು, ಗುತ್ತಿಗೆದಾರರದ್ದು ಬೇಡವೇ ಬೇಡ. ವರ್ಷಕ್ಕೊಮ್ಮೆ ಯಾರಿಂದ ಎಷ್ಟು ಬಂತು ಎಂಬ ಜಮಾ-ಖರ್ಚನ್ನು ಅದೇ ಪತ್ರದಲ್ಲಿ ಪ್ರಕಟಿಸಲಿ. ಈ ಷರತ್ತುಗಳಲ್ಲಿ ಪತ್ರ ಬೇಗ ಬೆಳೆಯುವುದಿಲ್ಲ. ಮೊದಲ ಎರಡು ವರ್ಷ ಸಂಪಾದಕನ ಮನೆಯಲ್ಲಿ ಇನ್ನೊಬ್ಬರ ಸಂಬಳ ಇರಬೇಕಾಗುತ್ತದೆ. ಇದನ್ನು ಮುಚ್ಚಿಟ್ಟು ಯುವಕರನ್ನು ಹುರಿದುಂಬಿಸುವುದು ಸರಿಯಲ್ಲ.

ನಿಮ್ಮ ಊರಿನಲ್ಲಿ ಯಾರಾದರೂ ಇಂಥ ಪತ್ರ ಶುರು ಮಾಡಿ ಚಂದಾ ಕೇಳಲು ಬಂದರೆ ಒಂದೇ ಪ್ರಶ್ನೆ ಕೇಳಿ: ಕಳೆದ ತಿಂಗಳ ಪುರಸಭೆ ಸಭೆಗೆ ಹೋಗಿದ್ದಿರಾ, ಮುಗಿಯುವ ತನಕ ಕೂತಿದ್ದಿರಾ? ಹೌದು ಎಂದರೆ ಒಂದು ವರ್ಷದ ಚಂದಾ ಕೊಡಿ. ನೀವು ಊರು ಬಿಟ್ಟು ದೂರ ಇರುವವರಾದರೆ ಎರಡು ಕೊಡಿ, ನಿಮ್ಮದೊಂದು, ಊರಿನಲ್ಲಿ ಕೊಡಲಾಗದ ಒಬ್ಬರದೊಂದು.